ಟಿಕೆಟ್ಟಿನ ಉಳಿದರ್ಧವನ್ನು ಕೊಡುವವರು ಯಾರು?

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ಸ್ಲೀಪರ್ ಬೋಗಿಯಲ್ಲಿ ಸುಮಾರು ಒಂದು ಸಾವಿರ ರೂಪಾಯಿಗೆ ಹೋಗಿದ್ದೆ. ಆಮೇಲೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ, ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ರೈಲಿನಲ್ಲಿ ಮಲಗಿಕೊಂಡು ಹೋಗಬೇಕೆಂದರೆ ವಿಮಾನದ ಹಲವು ಪಟ್ಟು ಹಣ ಬೇಕೆಂದು ತಿಳಿಯಿತು. ಜರ್ಮನಿಯಲ್ಲಿರುವ ಅಳಿಯನ ತಮ್ಮ ಅಲ್ಲಿಯೂ ರಾತ್ರಿ ರೈಲಿಗಿಂತ ವಿಮಾನವೇ ಅಗ್ಗ ಎನ್ನುತ್ತಾನೆ. ರೈಲು ಎಲ್ಲ ಕಡೆಯೂ ಕಬ್ಬಿಣದ ಹಳಿಯ ಮೇಲೇ ಓಡುತ್ತದೆ. ಹಾಗಿದ್ದೂ ಒಂದೊಂದು ಖಂಡದಲ್ಲಿ ಒಂದೊಂದು ರೀತಿ ಏಕೆ? ನಮ್ಮಲ್ಲಿ ಜನ ಹೆಚ್ಚಿರುವುದೇ ಕಾರಣವೇ? ನಮ್ಮ ದರ ಹೀಗೇ ಉಳಿದೀತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಧಾರವಾಡದವರಾದ ನಿಮಗೆ ಸವದತ್ತಿ ದೂರವಲ್ಲ; "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ" ಎಂಬ ಮಾತೂ ಹೊಸದಲ್ಲ. ದೂರದ ಊರಿಗೆ ಅಗ್ಗದ ರೈಲು ಟಿಕೆಟ್ ಸಿಗುವ ಕಡೆಯಲ್ಲೆಲ್ಲ ಆ ಗಾದೆಯ "ಯಾರೋ" ಒಬ್ಬರು ಇದ್ದೇ ಇರುತ್ತಾರೆ. ಅವರು ಯಾರು, ಅವರಿಗೆ ಕೊಡುವ ಶಕ್ತಿ ಎಲ್ಲಿಂದ ಬಂತು, ಕೊಡುತ್ತಿರುವುದು ಅವರಿಗೆ ಗೊತ್ತಿದೆಯೇ ಎಂಬುದು ಖಂಡದಿಂದ ಖಂಡಕ್ಕೆ ಬದಲಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲಿದೆ.

ಮೊದಲು ಹೋಲಿಕೆಯನ್ನು ಸ್ವಲ್ಪ ಸರಿಪಡಿಸಿಕೊಳ್ಳೋಣ. ಡಾಲರನ್ನು ರೂಪಾಯಿಗೆ ಬದಲಿಸಿ ದರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎಲ್ಲ ದೇಶವೂ ನಮಗಿಂತ ದುಬಾರಿಯಾಗಿಯೇ ಕಾಣುತ್ತದೆ, ಇಡ್ಲಿಯ ದರವೂ ಹಾಗೆಯೇ. ಕೂಲಿಯ ಲೆಕ್ಕದಲ್ಲಿ ನೋಡುವುದು ನ್ಯಾಯ. ಬೆಂಗಳೂರು–ದೆಹಲಿ ಸ್ಲೀಪರ್ ಟಿಕೆಟ್ ಕಟ್ಟಡ ಕೆಲಸದ ಸಹಾಯಕನೊಬ್ಬನ ಒಂದೂವರೆ ಎರಡು ದಿನದ ಸಂಪಾದನೆ. ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಎಮರಿವಿಲ್‌ಗೆ ಹೋಗುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲಿನಲ್ಲಿ ಬರೀ ಕುರ್ಚಿಯ ಟಿಕೆಟ್ ಸುಮಾರು ಇನ್ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 16 ಡಾಲರಿಗೂ ಮೇಲಿರುವುದರಿಂದ ಅದೂ ಎರಡು ದಿನದೊಳಗಿನ ಕೂಲಿಯೇ. ಅಂದರೆ 3,900 ಕಿಲೋಮೀಟರು ಕೂತು ಹೋಗುವವನಿಗೆ ಅಮೆರಿಕ ನೀವು ಅಂದುಕೊಂಡಷ್ಟು ದುಬಾರಿಯಲ್ಲ. ಆದರೆ ಐವತ್ತಕ್ಕೂ ಹೆಚ್ಚು ಗಂಟೆ ಕುರ್ಚಿಯಲ್ಲೇ ಕಳೆಯಬೇಕು. ಬೆನ್ನು ಚಾಚಿ ಮಲಗುವ ಜಾಗ ಕೇಳಿದ ಕೂಡಲೇ ದರ ಹಲವು ಪಟ್ಟು ಜಿಗಿಯುತ್ತದೆ. ಸಾಮಾನ್ಯ ಕೂಲಿಕಾರನೂ ಮಲಗಿಕೊಂಡು ಹೋಗಬಹುದಾದ ದರದಲ್ಲಿ ದೂರದ ರೈಲು ಓಡುವುದು ಭಾರತ, ಅದರ ನೆರೆಯ ಕೆಲವು ದೇಶಗಳು, ಚೀನಾ, ರಷ್ಯಾ ಮತ್ತು ಹಿಂದಿನ ಸೋವಿಯೆತ್ ನಾಡುಗಳಲ್ಲಿ. ಉಳಿದೆಡೆ ಅದು ಅಪರೂಪ. ಹಾಗಾಗಿ ಪ್ರಶ್ನೆಯನ್ನು ನಾನು "ಅಗ್ಗದ ರೈಲು" ಎನ್ನುವುದಕ್ಕಿಂತ "ಅಗ್ಗದ ಬರ್ತ್" ಎಂದು ಓದಿಕೊಳ್ಳುತ್ತೇನೆ.

ರೈಲಿನ ಖರ್ಚಿನ ಸ್ವಭಾವ ಬಸ್ಸಿನದಕ್ಕಿಂತ ಬೇರೆ. ಬಸ್ಸು ಓಡುವ ರಸ್ತೆಯನ್ನು ಯಾರೋ ಹಾಕಿರುತ್ತಾರೆ, ಲಾರಿ, ಕಾರು, ಸ್ಕೂಟರುಗಳೆಲ್ಲ ಅದನ್ನು ಹಂಚಿಕೊಳ್ಳುತ್ತವೆ. ರೈಲಿನವರು ಹಳಿ, ಸೇತುವೆ, ಸುರಂಗ, ಸಿಗ್ನಲ್ಲು, ವಿದ್ಯುತ್ ತಂತಿ, ನಿಲ್ದಾಣ, ಗೇಟು ಎಲ್ಲವನ್ನೂ ತಾವೇ ಇಟ್ಟುಕೊಂಡು ಕಾಯಬೇಕು. ಈ ಖರ್ಚಿನ ದೊಡ್ಡ ಪಾಲು ದಿನಕ್ಕೆ ಒಂದು ಗಾಡಿ ಓಡಿದರೂ ನಲವತ್ತು ಓಡಿದರೂ ಅಷ್ಟಾಗಿ ಬದಲಾಗುವುದಿಲ್ಲ. ಗ್ಯಾಂಗ್‌ಮನ್ ಹಳಿಯ ಮೇಲೆ ನಡೆಯಲೇಬೇಕು, ಸ್ಟೇಷನ್ ಮಾಸ್ಟರ್ ರಾತ್ರಿಪಾಳಿಗೆ ಬರಲೇಬೇಕು. ಆದ್ದರಿಂದ ಟಿಕೆಟ್ ದರವನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಈ ಸ್ಥಿರ ಖರ್ಚನ್ನು ಹೊರಲು ಬೇರೆ ಯಾರಿದ್ದಾರೆ, ಮತ್ತು ಉಳಿದದ್ದನ್ನು ಒಂದು ಗಾಡಿಯಲ್ಲಿ ಎಷ್ಟು ತಲೆಗಳಿಗೆ ಹಂಚಲಾಗುತ್ತದೆ. ಸಂಬಳ, ವಿದ್ಯುತ್ತು, ಎಂಜಿನ್ನು ಇವೆಲ್ಲ ಮುಖ್ಯವೇ ಆದರೂ ಖಂಡಗಳ ನಡುವಣ ವ್ಯತ್ಯಾಸವನ್ನು ಅವು ಪೂರ್ತಿ ವಿವರಿಸುವುದಿಲ್ಲ.

ನಮ್ಮಲ್ಲಿಗೆ ಬರೋಣ. 2016ರ ಹೊತ್ತಿಗೆ ರೈಲ್ವೆಯು ಟಿಕೆಟ್ಟಿನ ಮೇಲೆಯೇ ಒಂದು ಸಾಲು ಮುದ್ರಿಸತೊಡಗಿತು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ದರದಿಂದ ವಸೂಲಾಗುತ್ತದೆ ಎಂದು. ಈಚಿನ ವರ್ಷಗಳಲ್ಲಿ ರೈಲ್ವೆ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರಗಳಲ್ಲಿ ಪ್ರತಿ ಪ್ರಯಾಣಿಕನಿಗೆ ಸರಾಸರಿ ಶೇ. 46ರ ರಿಯಾಯಿತಿ ಸಿಗುತ್ತಿದೆ ಎಂಬ ಮಾತಿದೆ. ಎರಡೂ ಹೇಳುವುದು ಒಂದನ್ನೇ: ಅರ್ಧಕ್ಕಿಂತ ತುಸು ಹೆಚ್ಚನ್ನು ನೀವು ಕೊಟ್ಟಿರಿ, ಉಳಿದದ್ದನ್ನು ಬೇರೊಬ್ಬರು ಕೊಟ್ಟರು. ಇದನ್ನು ಓದಿದವರು ಸರ್ಕಾರವೇ ಕೊಟ್ಟಿರಬೇಕೆಂದುಕೊಳ್ಳುತ್ತಾರೆ. ಬಹುಕಾಲ ಅದು ಸರಿಯಾಗಿರಲಿಲ್ಲ. 1924ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇದ್ದಷ್ಟೂ ಕಾಲ, ಸರ್ಕಾರ ಹೂಡಿದ ಬಂಡವಾಳಕ್ಕೆ ರೈಲ್ವೆಯೇ ಡಿವಿಡೆಂಡ್ ಕಟ್ಟುವ ಪದ್ಧತಿ ಇತ್ತು. ಪ್ರಯಾಣಿಕರ ಕೊರತೆಯನ್ನು ತುಂಬುತ್ತಿದ್ದುದು, ಈಗಲೂ ಬಹಳಷ್ಟು ತುಂಬುತ್ತಿರುವುದು, ಗೂಡ್ಸ್ ಗಾಡಿ.

ರೈಲ್ವೆಯ ವರಮಾನದಲ್ಲಿ ಸುಮಾರು ಮೂರನೇ ಎರಡು ಪಾಲು ಸರಕು ಸಾಗಣೆಯದು, ಸರಕಿನಲ್ಲಿ ತೂಕದ ಲೆಕ್ಕಕ್ಕೆ ಅರ್ಧದಷ್ಟು ಕಲ್ಲಿದ್ದಲು. ಐವತ್ತೆಂಟು ವ್ಯಾಗನ್ನುಗಳ ಒಂದು ಕಲ್ಲಿದ್ದಲಿನ ರೇಕು ಮೂರೂವರೆ ಸಾವಿರ ಟನ್ನಿಗೂ ಹೆಚ್ಚು ಹೊರುತ್ತದೆ. ಅದಕ್ಕೆ ಮೆತ್ತನೆಯ ಬರ್ತ್ ಬೇಡ, ಕುಡಿಯುವ ನೀರು ಬೇಡ, ತಡವಾದರೆ ಕೂಗಾಡುವವರಿಲ್ಲ, ಲಾರಿಯಲ್ಲಿ ಹೋಗುತ್ತೇನೆ ಎಂದು ಹೆದರಿಸಲೂ ಬರುವುದಿಲ್ಲ. ಬೇರೆ ದಾರಿಯಿಲ್ಲದ ಗಿರಾಕಿಯಿಂದ ಹೆಚ್ಚು ವಸೂಲು ಮಾಡುವುದು ಸುಲಭ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಸಿಂಗರೇಣಿ ಮುಂತಾದ ಗಣಿಗಳಿಂದ ಕಲ್ಲಿದ್ದಲು ಬರುವುದು ರೈಲಿನಲ್ಲಿ. ಅದರ ಸಾಗಣೆ ದರ ವಿದ್ಯುತ್ ಉತ್ಪಾದನೆಯ ಖರ್ಚಿಗೆ ಸೇರುತ್ತದೆ, ಅಲ್ಲಿಂದ ನಿಮ್ಮ ಹೆಸ್ಕಾಂ ಬಿಲ್ಲಿಗೆ ಇಳಿಯುತ್ತದೆ. ಗಾದೆಯ "ಯಾರೋ" ಸಿಕ್ಕಿದರು: ರೈಲು ಹತ್ತದ, ಆದರೆ ಮನೆಯಲ್ಲಿ ದೀಪ ಹಚ್ಚುವ ಪ್ರತಿಯೊಬ್ಬರೂ. ದೆಹಲಿಗೆ ಹೋಗುವಾಗ ನೀವು ಕೊಡದ ಹಣವನ್ನು ವರ್ಷವಿಡೀ ಬಿಡಿಬಿಡಿಯಾಗಿ ಕೊಟ್ಟಿರುತ್ತೀರಿ. ನೀವಷ್ಟೇ ಅಲ್ಲ, ಸಿಮೆಂಟು ಮತ್ತು ಉಕ್ಕು ಕೊಂಡವರೂ ಕೊಟ್ಟಿರುತ್ತಾರೆ.

ಈ ವ್ಯವಸ್ಥೆ ಯಾರೂ ಕೂತು ಯೋಜಿಸಿದ್ದಲ್ಲ, ರಾಜಕೀಯದಲ್ಲಿ ಬೆಳೆದು ಬಂದದ್ದು. ಸರಕಿಗೆ ಮತವಿಲ್ಲ, ಪ್ರಯಾಣಿಕನಿಗೆ ಇದೆ. 2012ರ ಮಾರ್ಚಿನಲ್ಲಿ ರೈಲ್ವೆ ಸಚಿವ ದಿನೇಶ್ ತ್ರಿವೇದಿ ಅವರು ಬಜೆಟ್ಟಿನಲ್ಲಿ ಸ್ಲೀಪರ್ ದರವನ್ನು ಕಿಲೋಮೀಟರಿಗೆ ಐದು ಪೈಸೆಯಷ್ಟು ಏರಿಸುವುದಾಗಿ ಹೇಳಿ, ಸ್ವಂತ ಪಕ್ಷದ ಸಿಟ್ಟಿಗೆ ಗುರಿಯಾಗಿ ಕೆಲವೇ ದಿನಗಳಲ್ಲಿ ಹುದ್ದೆ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದವರು ಕೆಳದರ್ಜೆಗಳ ಏರಿಕೆಯನ್ನು ಹಿಂತೆಗೆದುಕೊಂಡರು. ಆದರೆ ಸರಕಿನ ದರ ಏರಿದಾಗ ಇಂಥ ಗದ್ದಲವನ್ನು ನಾನು ಕಂಡಿಲ್ಲ.

ಇನ್ನು ಎರಡನೆಯ ಸಂಗತಿ, ತಲೆಗಳ ಲೆಕ್ಕ. ನಮ್ಮ ಸ್ಲೀಪರ್ ಬೋಗಿಯಲ್ಲಿ 72ರಿಂದ 80 ಬರ್ತ್. ಮೂರು ಅಂತಸ್ತು, ಜೊತೆಗೆ ಓಡಾಡುವ ದಾರಿಯ ಪಕ್ಕದ ಸೈಡ್ ಬರ್ತುಗಳು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಡುವಿನ ಬರ್ತ್ ಎತ್ತಿ ಮಲಗಬೇಕು, ಉಳಿದ ಹೊತ್ತಿನಲ್ಲಿ ಇಳಿಸಿ ಎಲ್ಲರೂ ಕೂರಬೇಕು ಎಂಬ ನಿಯಮದ ಬಗ್ಗೆ ಬೋಗಿಯಲ್ಲಿ ಜಗಳಗಳಾಗುವುದನ್ನು ಎಲ್ಲರೂ ನೋಡಿದ್ದೇವೆ. ಆ ಮಡಚುವ ಹಲಗೆಯೇ ಅಗ್ಗದ ಬರ್ತಿನ ಅರ್ಧ ಗುಟ್ಟು: ಅದೇ ಬೋಗಿ ಹಗಲಿಗೂ ಬೇಕು, ರಾತ್ರಿಗೂ ಬೇಕು. ಇಂಥ ಇಪ್ಪತ್ತೆರಡು ಬೋಗಿಗಳನ್ನು ಒಂದೇ ಎಂಜಿನ್ನು, ಇಬ್ಬರು ಲೋಕೋ ಪೈಲಟ್‌ಗಳು, ಒಬ್ಬ ಗಾರ್ಡು ಎಳೆದೊಯ್ಯುತ್ತಾರೆ. ಜನರಲ್ ಬೋಗಿಯ ನೂಕುನುಗ್ಗಲನ್ನೂ ಸೇರಿಸಿದರೆ ಒಂದು ಗಾಡಿಯಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜನ. ಆ ಮಾರ್ಗದಲ್ಲಿ ದಿನಕ್ಕೆ ಅಂಥ ಗಾಡಿಗಳು ಹತ್ತಾರು. ಸ್ಥಿರ ಖರ್ಚು ಎಷ್ಟೇ ದೊಡ್ಡದಿದ್ದರೂ ಇಷ್ಟು ಜನರ ನಡುವೆ ತೆಳ್ಳಗೆ ಹರಡಿಕೊಳ್ಳುತ್ತದೆ.

ಅಮೆರಿಕದ ಕಥೆ ಇದರ ತಲೆಕೆಳಗು. ಅಲ್ಲಿಯೂ ಗೂಡ್ಸ್ ಗಾಡಿ ಚೆನ್ನಾಗಿ ದುಡಿಯುತ್ತದೆ, ನಮ್ಮಲ್ಲಿಗಿಂತ ಚೆನ್ನಾಗಿಯೇ. ಆದರೆ ಆ ದುಡಿಮೆ ಪ್ರಯಾಣಿಕನಿಗೆ ತಲುಪುವುದಿಲ್ಲ, ಏಕೆಂದರೆ ಹಳಿಯ ಒಡೆಯರು ಖಾಸಗಿ ಕಂಪನಿಗಳು. 1916ರ ಹೊತ್ತಿಗೆ ಅಲ್ಲಿ ನಾಲ್ಕು ಲಕ್ಷ ಕಿಲೋಮೀಟರಿಗೂ ಹೆಚ್ಚು ರೈಲು ಮಾರ್ಗವಿತ್ತು. ಒಂದು ಕಾಲದಲ್ಲಿ ಆ ಕಂಪನಿಗಳೂ ಸರಕಿನ ಲಾಭದಿಂದ ಪ್ರಯಾಣಿಕರ ಗಾಡಿಗಳನ್ನು ಸಾಕುತ್ತಿದ್ದವು, ನಿಯಂತ್ರಣ ಆಯೋಗ ಅವನ್ನು ನಿಲ್ಲಿಸಲು ಸುಲಭಕ್ಕೆ ಬಿಡುತ್ತಿರಲಿಲ್ಲ. 1956ರ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳು ಹರಡಿದವು, ಜೆಟ್ ವಿಮಾನ ಬಂತು. ಆದರೂ ಅನೇಕ ರಾತ್ರಿ ರೈಲುಗಳು ಉಸಿರಾಡುತ್ತಿದ್ದುದು ಅವು ಒಯ್ಯುತ್ತಿದ್ದ ಅಂಚೆಯ ಗುತ್ತಿಗೆಯಿಂದ. 1967ರಲ್ಲಿ ಅಂಚೆ ಇಲಾಖೆ ಆ ಗುತ್ತಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಂತೆಗೆದುಕೊಂಡದ್ದೇ ತಡ, ಗಾಡಿಗಳು ಸಾಲಾಗಿ ನಿಂತವು. ಅಂಚೆಯೇ ಅಲ್ಲಿನ "ಯಾರೋ" ಆಗಿತ್ತು. ಕೊನೆಗೆ 1970ರ ಕಾಯ್ದೆಯ ಮೂಲಕ ಸರ್ಕಾರ ಆಮ್‌ಟ್ರ್ಯಾಕ್ ಸಂಸ್ಥೆಯನ್ನು ಹುಟ್ಟುಹಾಕಿ ಕಂಪನಿಗಳನ್ನು ಪ್ರಯಾಣಿಕರ ಹೊಣೆಯಿಂದ ಬಿಡಿಸಿತು. 1971ರ ಮೇ 1ರಂದು ಅದು ಓಡತೊಡಗಿದಾಗ ಅಲ್ಲಿಯವರೆಗೆ ಉಳಿದಿದ್ದ ದೂರದ ಗಾಡಿಗಳಲ್ಲಿ ಸುಮಾರು ಅರ್ಧದಷ್ಟು ಹಿಂದಿನ ದಿನವೇ ತಮ್ಮ ಕೊನೆಯ ಓಟವನ್ನು ಮುಗಿಸಿದ್ದವು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಆಮ್‌ಟ್ರ್ಯಾಕ್ ಗಾಡಿಗಳು ಕ್ರಮಿಸುವ ದೂರದಲ್ಲಿ ಸುಮಾರು ಶೇ. 70 ಬೇರೆಯವರ ಹಳಿಯ ಮೇಲಿನದು. ಆದ್ದರಿಂದ ಹಳಿಯ ಬಾಡಿಗೆ ದುಬಾರಿಯಾಗಿರಬೇಕು ಎಂದು ಅನೇಕರು ಊಹಿಸುತ್ತಾರೆ. ಹಾಗಿಲ್ಲ. ತನ್ನ ಗಾಡಿಯಿಂದಾಗಿ ಹೆಚ್ಚುವರಿಯಾಗಿ ಬೀಳುವ ಖರ್ಚನ್ನಷ್ಟೇ ಕೊಟ್ಟು ಓಡುವ ಹಕ್ಕನ್ನು ಕಾನೂನು ಅದಕ್ಕೆ ಕೊಟ್ಟಿದೆ. ತೊಂದರೆ ಇರುವುದು ತಲೆಗಳ ಲೆಕ್ಕದಲ್ಲಿ. ದೂರದ ಮಾರ್ಗಗಳು ಒಟ್ಟು ಹದಿನೈದರ ಆಸುಪಾಸು. ಹೆಚ್ಚಿನವುಗಳಲ್ಲಿ ದಿನಕ್ಕೆ ಒಂದೇ ಗಾಡಿ, ಎರಡು ಮಾರ್ಗಗಳಲ್ಲಿ ವಾರಕ್ಕೆ ಮೂರೇ ದಿನ. ಎರಡಂತಸ್ತಿನ ಮಲಗುವ ಬೋಗಿಯಲ್ಲಿ ಸುಮಾರು ನಲವತ್ತನಾಲ್ಕು ಜನ, ನಮ್ಮ ಒಂದಂತಸ್ತಿನ ಬೋಗಿಗಿಂತ ಕಡಿಮೆ. ಊಟದ ಬೋಗಿ, ಕಿಟಕಿಯಿಂದ ಬೆಟ್ಟ ನೋಡುವ ಬೋಗಿ ಇವೆರಡೂ ಟಿಕೆಟ್ ತರುವುದಿಲ್ಲ. ಒಟ್ಟು ಗಾಡಿಯಲ್ಲಿ ಮುನ್ನೂರರ ಆಸುಪಾಸು ಜನ, ಅವರಿಗಾಗಿ ಎರಡು ರಾತ್ರಿ ಮೂರು ಹಗಲು ಸಂಬಳ ಪಡೆಯುವ ಸಿಬ್ಬಂದಿ, ದಿನಕ್ಕೆ ಎರಡೇ ಸಲ ಎಚ್ಚರಗೊಳ್ಳುವ ನಿಲ್ದಾಣಗಳು. ಇಷ್ಟಾಗಿಯೂ ಕುರ್ಚಿಯ ದರ ಕೈಗೆಟುಕುವಂತಿರುವುದು ಸಂಸತ್ತು ಪ್ರತಿವರ್ಷ ಕೊಡುವ ಅನುದಾನದಿಂದ. ಅಲ್ಲಿಯ "ಯಾರೋ" ಇಂದು ತೆರಿಗೆದಾರ. ಅವನ ಹೆಸರು ಪ್ರತಿವರ್ಷದ ಬಜೆಟ್ ಚರ್ಚೆಯಲ್ಲಿ ಕೇಳಿಬರುತ್ತದೆ, ಅದಕ್ಕೇ ಆ ಅನುದಾನದ ಮೇಲೆ ಪ್ರತಿವರ್ಷ ಕತ್ತಿ ತೂಗುತ್ತಿರುತ್ತದೆ. ನಮ್ಮ ಕಲ್ಲಿದ್ದಲಿನ ಗಿರಾಕಿಗೆ ತಾನು ಕೊಡುತ್ತಿರುವುದೇ ತಿಳಿಯದು. ನಮ್ಮ ರಿಯಾಯಿತಿ ಇಷ್ಟು ದಿನ ಬಾಳಿಕೆ ಬಂದದ್ದಕ್ಕೆ ಈ ಕಣ್ಮರೆಯೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಎರಡು ದೇಶಗಳ ವ್ಯತ್ಯಾಸವನ್ನು ಒಂದೇ ಚಿತ್ರದಲ್ಲಿ ನೋಡಬೇಕೆಂದರೆ ಲೂಪ್ ಲೈನನ್ನು, ಅಂದರೆ ಒಂದು ಗಾಡಿ ಇನ್ನೊಂದಕ್ಕೆ ದಾರಿ ಬಿಡಲು ನಿಲ್ಲುವ ಪಕ್ಕದ ಹಳಿಯನ್ನು, ನೋಡಿ. ವಾಡಿ ಕಡೆಯ ಯಾವುದೋ ಸಣ್ಣ ನಿಲ್ದಾಣದಲ್ಲಿ ಗೂಡ್ಸ್ ಗಾಡಿ ಲೂಪಿನಲ್ಲಿ ಗಂಟೆಗಟ್ಟಲೆ ನಿಂತು, ನಿಮ್ಮ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟಿದ್ದನ್ನು ನೀವು ಕಂಡಿರಬೇಕು. ನಮ್ಮ ಗೂಡ್ಸ್ ಗಾಡಿಗಳ ಸರಾಸರಿ ವೇಗ ದಶಕಗಳ ಕಾಲ ಗಂಟೆಗೆ 25 ಕಿಲೋಮೀಟರಿನ ಆಸುಪಾಸಿನಲ್ಲೇ ಉಳಿಯಲು ಇದೂ ಕಾರಣ. ಅಮೆರಿಕದಲ್ಲಿ 1973ರಿಂದಲೂ ಪ್ರಯಾಣಿಕರ ಗಾಡಿಗೆ ಮೊದಲ ಆದ್ಯತೆ ಎಂದು ಕಾನೂನಿದೆ. ಆದರೆ ಗೂಡ್ಸ್ ಗಾಡಿಗಳು ಎರಡು ಮೂರು ಕಿಲೋಮೀಟರು ಉದ್ದ ಬೆಳೆದು, ಎಷ್ಟೋ ಕಡೆ ಲೂಪಿನಲ್ಲಿ ಹಿಡಿಸುವುದೇ ಇಲ್ಲ. ಹಿಡಿಸುವ ಗಾಡಿ ಲೂಪಿಗೆ ಇಳಿಯಬೇಕು, ಹಿಡಿಸುವುದು ಪ್ರಯಾಣಿಕರ ಗಾಡಿ. ಕಾನೂನು ಪುಸ್ತಕದಲ್ಲಿ ಉಳಿಯುತ್ತದೆ, ಜೆಫಿರ್ ಕಾಯುತ್ತದೆ.

ಯುರೋಪಿನ ಹಳಿಗಳು ಹೆಚ್ಚಾಗಿ ಸರ್ಕಾರದವು, ಊರುಗಳು ಹತ್ತಿರ, ಜನ ದಟ್ಟ. ಜನಸಂಖ್ಯೆಯೇ ಕಾರಣವೆಂಬ ವಾದ ಸರಿಯಾಗಿದ್ದರೆ ಅಲ್ಲಿ ದೂರದ ರೈಲು ಅಗ್ಗವಾಗಿರಬೇಕಿತ್ತು. ಅಲ್ಲಿ ನಡೆದದ್ದು ಬೇರೆ. 1988ರಲ್ಲಿ ಸ್ವೀಡನ್ ಹಳಿಯನ್ನೂ ಗಾಡಿಯನ್ನೂ ಬೇರೆಬೇರೆ ಸಂಸ್ಥೆಗಳಿಗೆ ಒಪ್ಪಿಸಿತು; 1991ರ ಯುರೋಪಿಯನ್ ನಿರ್ದೇಶನವು ಎಲ್ಲ ಸದಸ್ಯ ದೇಶಗಳಲ್ಲೂ ಇವೆರಡರ ಲೆಕ್ಕವನ್ನಾದರೂ ಬೇರ್ಪಡಿಸಬೇಕೆಂದಿತು. ಅಂದಿನಿಂದ ಗಾಡಿ ಓಡಿಸುವವರು ಕಿಲೋಮೀಟರಿನ ಲೆಕ್ಕದಲ್ಲಿ ಹಳಿಗೆ ಸುಂಕ ಕಟ್ಟುತ್ತಾರೆ. ಈ ಸುಂಕ ಸ್ವೀಡನ್ನಿನಲ್ಲಿ ಕಡಿಮೆ, ಫ್ರಾನ್ಸಿನ ಅತಿವೇಗದ ಮಾರ್ಗಗಳಲ್ಲಿ ಬಹಳ ಹೆಚ್ಚು. ಸುಂಕ ಬೀಳುವುದು ಗಾಡಿಗೆ, ತಲೆಗಲ್ಲ. ಹಗಲು ಗಾಡಿಯೊಂದು ಒಂದೇ ಕುರ್ಚಿಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಮಾರಿ ಅದನ್ನು ತೀರಿಸಿಕೊಳ್ಳಬಹುದು, ರಾತ್ರಿಯ ಗಾಡಿ ಒಂದು ಹಾಸಿಗೆಯನ್ನು ಒಂದೇ ಬಾರಿ ಮಾರುತ್ತದೆ. ಜೊತೆಗೆ ದೇಶ ದಾಟಿದಂತೆಲ್ಲ ವಿದ್ಯುತ್ತಿನ ಪದ್ಧತಿಯೂ ಸಿಗ್ನಲ್ಲೂ ಬದಲಾಗುತ್ತವೆ: ಜರ್ಮನಿಯಲ್ಲಿ 15 ಸಾವಿರ ವೋಲ್ಟ್, ಇಟಲಿಯ ಹಳೆಯ ಮಾರ್ಗಗಳಲ್ಲಿ 3 ಸಾವಿರ ವೋಲ್ಟಿನ ನೇರ ವಿದ್ಯುತ್ತು. ಎಂಜಿನ್ನು ಬದಲಿಸಬೇಕು, ಇಲ್ಲವೇ ಎಲ್ಲವನ್ನೂ ತಾಳುವ ದುಬಾರಿ ಎಂಜಿನ್ನು ಕೊಳ್ಳಬೇಕು.

ಇದೇ ಹೊತ್ತಿಗೆ, 1990ರ ದಶಕದಲ್ಲಿ, ಯುರೋಪಿನ ಒಳಗಿನ ವಿಮಾನ ಸಂಚಾರ ಮುಕ್ತವಾಯಿತು. ವಿಮಾನದ ಇಂಧನಕ್ಕೆ ತೆರಿಗೆಯಿಲ್ಲ. 2003ರ ಇಂಧನ ತೆರಿಗೆ ನಿರ್ದೇಶನವೂ ಆ ವಿನಾಯಿತಿಯನ್ನು ಉಳಿಸಿಕೊಂಡಿತು. ರೈಲು ಹಳಿಗೂ ವಿದ್ಯುತ್ತಿಗೂ ಸುಂಕ ಕೊಟ್ಟು, ಆಕಾಶಕ್ಕೆ ಹಳಿ ಹಾಕಬೇಕಿಲ್ಲದ ವಿಮಾನದೊಂದಿಗೆ ಪೈಪೋಟಿ ಮಾಡಬೇಕಾಯಿತು. ಜರ್ಮನಿಯ ರೈಲ್ವೆ ಸಂಸ್ಥೆ ಡಾಯ್ಚ ಬಾನ್ 2016ರ ಡಿಸೆಂಬರಿನಲ್ಲಿ ತನ್ನ ಮಲಗುವ ಗಾಡಿಗಳನ್ನು ಪೂರ್ತಿ ನಿಲ್ಲಿಸಿತು. ಆಸ್ಟ್ರಿಯಾದ ರೈಲ್ವೆ ಅವುಗಳಲ್ಲಿ ಕೆಲವನ್ನು ಕೊಂಡು ನೈಟ್‌ಜೆಟ್ ಎಂಬ ಹೆಸರಿನಲ್ಲಿ ಓಡಿಸುತ್ತಿದೆ. ನಿಮ್ಮ ಅಳಿಯನ ತಮ್ಮ ಹೇಳಿದ್ದು ಸರಿ, ಆದರೆ ಅದು ಪೂರ್ತಿ ಚಿತ್ರವಲ್ಲ. 2022ರ ಬೇಸಿಗೆಯಲ್ಲಿ ಮೂರು ತಿಂಗಳ ಕಾಲ ತಿಂಗಳಿಗೆ 9 ಯೂರೋಗೆ, 2023ರ ಮೇ ತಿಂಗಳಿಂದ 49 ಯೂರೋಗೆ (ಆಮೇಲೆ ಅದು ಏರಿದೆ) ಜರ್ಮನಿಯಾದ್ಯಂತ ಓಡಾಡುವ ಪಾಸು ಬಂತು. ಅದು ಸ್ಥಳೀಯ ಮತ್ತು ಪ್ರಾದೇಶಿಕ ಗಾಡಿಗಳಿಗೆ ಮಾತ್ರ, ವೇಗದ ಐಸಿಇಗೆ ನಡೆಯದು. ಅಂದರೆ ಯುರೋಪಿನ ತೆರಿಗೆದಾರ ದಿನವೂ ಕೆಲಸಕ್ಕೆ ಹೋಗುವವನ ಟಿಕೆಟ್ಟಿಗೆ ಧಾರಾಳವಾಗಿ ಕೊಡುತ್ತಾನೆ. ದೂರಪ್ರಯಾಣವನ್ನು ವ್ಯಾಪಾರವೆಂದು ಬಗೆದು ಮಾರುಕಟ್ಟೆಗೆ ಬಿಟ್ಟಿದ್ದಾನೆ. ಆ ಮಾರುಕಟ್ಟೆಯೂ ಕೆಲವೆಡೆ ಕೆಲಸ ಮಾಡಿದೆ. ಇಟಲಿಯಲ್ಲಿ 2012ರಿಂದ ಇಟಾಲೋ, ಸ್ಪೇನಿನಲ್ಲಿ 2021ರಿಂದ ಉಯಿಗೋ, ಮರುವರ್ಷ ಇರ್ಯೋ ಎಂಬ ಪೈಪೋಟಿಯ ಕಂಪನಿಗಳು ಬಂದ ಮೇಲೆ, 621 ಕಿಲೋಮೀಟರಿನ ಮ್ಯಾಡ್ರಿಡ್–ಬಾರ್ಸಿಲೋನಾ ಮಾರ್ಗದಂಥ ಕಡೆ ದರ ಗಮನಾರ್ಹವಾಗಿ ಇಳಿದು ಗಾಡಿಗಳು ತುಂಬಿದವು. ಹಳಿ ಮೊದಲೇ ಖಾಲಿ ಬಿದ್ದಿತ್ತು ಎಂಬುದನ್ನು ಮರೆಯಬಾರದು. ತುಂಬಿ ತುಳುಕುವ ನಮ್ಮ ಮಾರ್ಗಗಳಲ್ಲಿ ನಾಲ್ಕು ಕಂಪನಿಗಳನ್ನು ಬಿಟ್ಟರೆ ದರ ಇಳಿಯುತ್ತದೆ ಎಂದು ಇದರಿಂದ ತೀರ್ಮಾನಿಸಲಾಗದು.

ಏಷ್ಯಾ ಒಂದೇ ಅಚ್ಚಿನದಲ್ಲ. ಚೀನಾದ ಸಾಮಾನ್ಯ ಗಾಡಿಗಳ ಮೂಲ ದರ 1995ರಿಂದ ಬದಲಾಗಿಲ್ಲ. ಸಂಬಳಗಳು ಎಷ್ಟೋ ಪಟ್ಟು ಏರಿದ್ದರಿಂದ ಗಟ್ಟಿ ಆಸನದ, ಗಟ್ಟಿ ಬರ್ತಿನ ಟಿಕೆಟ್ ಅಲ್ಲಿ ವರ್ಷದಿಂದ ವರ್ಷಕ್ಕೆ ತಾನಾಗಿ ಅಗ್ಗವಾಗುತ್ತ ಬಂದಿದೆ. ಅಲ್ಲಿನ "ಯಾರೋ" ಸಾಲ: ನಲವತ್ತೈದು ಸಾವಿರ ಕಿಲೋಮೀಟರು ದಾಟಿದ ಅತಿವೇಗದ ಜಾಲವನ್ನು ಕಟ್ಟಿದ ಸರ್ಕಾರಿ ನಿಗಮದ ಮೇಲೆ ಸುಮಾರು ಆರು ಲಕ್ಷ ಕೋಟಿ ಯುವಾನ್ ಹೊರೆಯಿದೆ. ರಷ್ಯಾದಲ್ಲಿ ಬಾಗಿಲುಗಳಿಲ್ಲದ, ಐವತ್ತನಾಲ್ಕು ಬರ್ತಿನ ಪ್ಲಾಟ್ಸ್‌ಕಾರ್ಟ್ ಬೋಗಿ ನಮ್ಮ ಸ್ಲೀಪರಿನ ದಾಯಾದಿ. ಅದರ ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ಮುಚ್ಚಿದ ಕೋಣೆಗಳ ದರವನ್ನು ಮಾರುಕಟ್ಟೆಗೆ ಬಿಡುತ್ತದೆ. 9,288 ಕಿಲೋಮೀಟರಿನ ಮಾಸ್ಕೋ–ವ್ಲಾದಿವೊಸ್ತೋಕ್ ಮಾರ್ಗದ ಇಕ್ಕೆಲದಲ್ಲಿ ಜನವಸತಿ ಬಹಳ ವಿರಳ, ಆದರೂ ಬರ್ತ್ ದೊರೆಯುತ್ತದೆ. ಸರಕು ಆ ಹಳಿಯನ್ನು ಸಾಕುತ್ತದೆ. ಜಪಾನಿನಲ್ಲಿ ಜನ ಎಷ್ಟು ದಟ್ಟವೆಂದು ಹೇಳಬೇಕಿಲ್ಲ, ಗಾಡಿಗಳೂ ತುಂಬಿರುತ್ತವೆ. ಆದರೆ 37 ಲಕ್ಷ ಕೋಟಿ ಯೆನ್ ಸಾಲದಲ್ಲಿ ಮುಳುಗಿದ್ದ ರಾಷ್ಟ್ರೀಯ ರೈಲ್ವೆಯನ್ನು 1987ರಲ್ಲಿ ಒಡೆದು ಕಂಪನಿಗಳಾಗಿಸಿದ ಮೇಲೆ, ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನ ಪ್ರಯಾಣಿಕ ತನ್ನ ಖರ್ಚನ್ನು ತಾನೇ ಕೊಡುತ್ತಾನೆ. ನಿತ್ಯ ಓಡುವ ರಾತ್ರಿ ರೈಲು ಸನ್‌ರೈಸ್ ಹೆಸರಿನ ಜೋಡಿ ಮಾತ್ರ; ಹಣವಿಲ್ಲದ ವಿದ್ಯಾರ್ಥಿ ಟೋಕಿಯೋದಿಂದ ಒಸಾಕಾಗೆ ರಾತ್ರಿ ಬಸ್ಸು ಹಿಡಿಯುತ್ತಾನೆ. ನಿಮ್ಮ ಜನಸಂಖ್ಯೆಯ ಊಹೆಗೆ ಜಪಾನ್ ಒಂದೇ ಸಾಕಷ್ಟು ಉತ್ತರ.

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿ ಬಹುಪಾಲು ಹಳಿ ಗಣಿಯಿಂದ ಬಂದರಿಗೆ ಹಾಕಿದ್ದು, ಊರಿಂದ ಊರಿಗಲ್ಲ. ಗಣಿ ಸೋತಲ್ಲಿ ಹಳಿಯೂ ಸೋತಿತು. ಅರ್ಜೆಂಟೀನಾ 1993ರಲ್ಲಿ ದೂರದ ಗಾಡಿಗಳ ಹೊಣೆಯನ್ನು ಪ್ರಾಂತ್ಯಗಳ ತಲೆಗೆ ಕಟ್ಟಿದಾಗ ಹೆಚ್ಚಿನವು ನಿಂತುಹೋದವು, ಜನ ಬಸ್ಸಿಗೆ ಹೋದರು. ಕೆನ್ಯಾದ ಮೊಂಬಾಸಾ–ನೈರೋಬಿ ಗಾಡಿ 2017ರಲ್ಲಿ ಚೀನಾದ ಸಾಲದಿಂದ ಬಂತು. ಅದರ ಕೆಳದರ್ಜೆಯ ದರ ಒಮ್ಮೆ 700 ಶಿಲಿಂಗ್ ಇದ್ದದ್ದು 2024ರ ಆರಂಭದಲ್ಲಿ 1,500ಕ್ಕೆ ಏರಿತು. ಬ್ರೆಜಿಲ್ಲಿನಲ್ಲಿ ಮಾತ್ರ ನಮ್ಮನ್ನು ನೆನಪಿಸುವ ಒಂದು ಮಾರ್ಗವಿದೆ. ವಿಟೋರಿಯಾ ಬಂದರಿಗೂ ಬೆಲೊ ಒರಿಜಾಂಟೆಗೂ ನಡುವೆ 664 ಕಿಲೋಮೀಟರು. ಕಬ್ಬಿಣದ ಅದಿರು ಸಾಗಿಸುವ ವಾಲೆ ಕಂಪನಿಯ ಹಳಿ. ಪ್ರಯಾಣಿಕರ ಗಾಡಿ ದಿನವೂ ಓಡಬೇಕೆಂಬುದು ಅದರ ಗುತ್ತಿಗೆಯ ಹೊಣೆ, ಆದ್ದರಿಂದ ಓಡುತ್ತದೆ, ಕಡಿಮೆ ದರಕ್ಕೆ. ಅದಿರು ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ಹಾಗೆ ಕೊಡುವವರು ಉಳಿಯದೆ, ಸಿಡ್ನಿಯಿಂದ ಪರ್ತ್‌ಗೆ 4,352 ಕಿಲೋಮೀಟರು ಓಡುವ ಇಂಡಿಯನ್ ಪೆಸಿಫಿಕ್ 2016ರಲ್ಲಿ ತನ್ನ ಅಗ್ಗದ ಕುರ್ಚಿಗಳನ್ನು ಕೈಬಿಟ್ಟು ಶ್ರೀಮಂತರ ವಿಹಾರವಾಗಿ ಉಳಿದಿದೆ.

ಹಾಗೆಂದು ನಮ್ಮ ಪದ್ಧತಿಯೇ ಎಲ್ಲಕ್ಕಿಂತ ಮೇಲೆಂದು ನಾನು ಹೇಳುತ್ತಿಲ್ಲ. ಬೆಲೆ ತಡೆಯದ ಜನರನ್ನು ನಮ್ಮಲ್ಲಿ ಸಾಲು ತಡೆಯುತ್ತದೆ. ಅರವತ್ತು ದಿನ ಮುಂಚೆ ಬುಕಿಂಗ್ ತೆರೆದ ಕೆಲವೇ ಹೊತ್ತಿನಲ್ಲಿ ವೇಟಿಂಗ್ ಲಿಸ್ಟ್, ಆಮೇಲೆ ತತ್ಕಾಲ್, ಅದೂ ಸಿಗದವನಿಗೆ ಜನರಲ್ ಬೋಗಿಯ ಬಾಗಿಲಲ್ಲಿ ನೇತಾಡುವ ಭಾಗ್ಯ. ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬರುವವರು ಖಾಸಗಿ ಬಸ್ಸಿಗೆ ತೆರುವ ಹಣವನ್ನು ನೋಡಿದರೆ, ಸಿಗದ ಅಗ್ಗದ ಟಿಕೆಟ್ಟಿಗೂ ಒಂದು ಬೆಲೆಯಿದೆ ಎಂದು ತಿಳಿಯುತ್ತದೆ. ಸರಕಿನ ಕಡೆಯಿಂದಲೂ ನಷ್ಟವಿದೆ: ದರದ ಭಾರಕ್ಕೂ ಲೂಪಿನ ಕಾಯುವಿಕೆಗೂ ಬೇಸತ್ತ ಸರಕು, ಲಾರಿಗೆ ಹೋಗಬಲ್ಲದ್ದೆಲ್ಲ, ಹೋಗಿಯೇಬಿಟ್ಟಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದ ಸರಕಿನ ಬಹುಪಾಲು ರೈಲಿನಲ್ಲಿತ್ತು, ಇಂದು ಮೂರನೇ ಒಂದು ಪಾಲಿಗಿಂತ ಕಡಿಮೆ. ಲುಧಿಯಾನ ಕಡೆಯಿಂದ ಪೂರ್ವಕ್ಕೂ ದಾದ್ರಿಯಿಂದ ಮುಂಬಯಿಯ ಬಂದರಿಗೂ ಸರಕಿಗಾಗಿಯೇ ಪ್ರತ್ಯೇಕ ಕಾರಿಡಾರುಗಳನ್ನು ಹಾಕಿದ್ದು ಈ ತಪ್ಪನ್ನು ತಿದ್ದಲಿಕ್ಕೆ.

ನಮ್ಮ ದರ ಹೀಗೇ ಉಳಿದೀತೇ ಎಂಬ ನಿಮ್ಮ ಕೊನೆಯ ಪ್ರಶ್ನೆ ಇಲ್ಲಿ ನಿಲ್ಲುತ್ತದೆ. ಪಾವಗಡದಲ್ಲಿ ಸೌರ ವಿದ್ಯುತ್ತು ಬೆಳೆಯುತ್ತಿದೆ, ಬಿಸಿಲಿಗೆ ವ್ಯಾಗನ್ನು ಬೇಡ. ಕಲ್ಲಿದ್ದಲಿನ ಪಾಲು ಕುಗ್ಗಿದಂತೆಲ್ಲ ಟಿಕೆಟ್ಟಿನ ಉಳಿದರ್ಧವನ್ನು ಕೊಡುವವನು ಎದ್ದು ಹೋಗುತ್ತಾನೆ. ಅವನ ಜಾಗದಲ್ಲಿ ತೆರಿಗೆದಾರ ಕೂರುವ ಸೂಚನೆಗಳು ಈಗಾಗಲೇ ಇವೆ. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್ಟಿನಲ್ಲಿ ವಿಲೀನವಾದ ಮೇಲೆ ಡಿವಿಡೆಂಡ್ ನಿಂತಿತು. ಹೊಸ ಹಳಿ, ಹೊಸ ಗಾಡಿಗಳಿಗೆ ಈಚಿನ ವರ್ಷಗಳಲ್ಲಿ ಕೇಂದ್ರ ಬಜೆಟ್ಟಿನಿಂದ ವರ್ಷಕ್ಕೆ ಎರಡೂವರೆ ಲಕ್ಷ ಕೋಟಿ ರೂಪಾಯಿಯ ಆಸುಪಾಸು ಹೋಗುತ್ತಿದೆ. ಇನ್ನೊಂದು ದಾರಿ ಸದ್ದಿಲ್ಲದೆ ನಡೆಯುತ್ತಿದೆ: ದರ ಏರಿಸುವ ಬದಲು ದರ್ಜೆ ಏರಿಸುವುದು. ಅನೇಕ ಗಾಡಿಗಳಲ್ಲಿ ಸ್ಲೀಪರ್ ಬೋಗಿಗಳು ಕಡಿಮೆಯಾಗಿ ಎಸಿ ತ್ರೀ ಟಯರ್ ಹೆಚ್ಚಾಗಿರುವುದನ್ನು ನೀವೂ ಗಮನಿಸಿರಬೇಕು. ಹೆಚ್ಚುಕಡಿಮೆ ತನ್ನ ಖರ್ಚನ್ನು ತಾನು ದುಡಿಯುವ ದರ್ಜೆ ಅದು. ನೇರ ಏರಿಕೆ ಬಂದಾಗ ಅದು ಎಷ್ಟು ಅಳುಕಿನಿಂದ ಬರುತ್ತದೆ ಎಂಬುದಕ್ಕೆ 2025ರ ಜುಲೈ 1ರ ಪರಿಷ್ಕರಣೆಯನ್ನು ನೋಡಿ: ಎಸಿಯಲ್ಲದ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕಿಲೋಮೀಟರಿಗೆ ಒಂದು ಪೈಸೆ. ಸುಮಾರು 2,400 ಕಿಲೋಮೀಟರಿನ ನಿಮ್ಮ ಬೆಂಗಳೂರು–ದೆಹಲಿ ಪ್ರಯಾಣಕ್ಕೆ ಅದು 24 ರೂಪಾಯಿ. ಸಾವಿರ ರೂಪಾಯಿಯ ಟಿಕೆಟ್ಟಿನ ಹಿಂದೆ, ರೈಲ್ವೆಯೇ ಹೇಳುವ ಸರಾಸರಿಯಂತೆ ಲೆಕ್ಕ ಹಾಕಿದರೂ, ಇನ್ನೂ ಎಂಟುನೂರು ರೂಪಾಯಿಯಷ್ಟು ಬೇರೆಯವರ ಹಣ ಇದೆ.